ಟಾನ್ಸಿಲ್ ಜೀವಂತ ಬೇಕಿತ್ತು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಬೆಳಗಾವಿಯಿಂದ ಬಂದಿರುವ ಪ್ರೊಫೆಸರ್ ಸಾಹೇಬರೇ, ಇಂದಿನ ಸನ್ಮಾನಿತೆ ಡಾಕ್ಟರ್ ಜನ್ನತ ಅವರೇ, ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಅವರ ತಾಯಿ ಹಸೀನಾಬಿಯವರೇ, ರಾಮದುರ್ಗದ ಸಮಸ್ತ ಸಭಿಕರೇ,

ನಾನು ನಿಜಗುಣಪ್ಪ. ಇದೇ ಊರಿನ ಗಂಟಲು ದವಾಖಾನೆಯ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವನು. ನಿಮ್ಮಾಗ ಎಷ್ಟೋ ಮಂದಿ ಟಾನ್ಸಿಲ್ ನನ್ನ ಕೈಯಾಗ ಹಾದು ಹೋಗ್ಯಾವು. ನಗಬ್ಯಾಡ್ರಿ, ಖರೇನ!

ಜನ್ನತ ಪಿಎಚ್‌ಡಿ ಮಾಡಿದ್ದು ಯಾತರ ಮ್ಯಾಲೆ? ನಾವು ತೆಗೆದು ಒಗೆಯುವ ಅದೇ ಟಾನ್ಸಿಲ್ ಮ್ಯಾಲೆ! ಅದರೊಳಗ ಕೆಲವು ಜೀವಕೋಶ ಅದಾವಂತ. ಗಂಟಲಿಗೆ ಬಂದ ರೋಗಾಣುವನ್ನು ಹಿಡಿದು, ಅದರ ತುಣುಕು ಎತ್ತಿ, ಉಳಿದ ಕಾವಲು ಕೋಶಗಳಿಗೆ ‘ಇವನ್ನ ನೋಡ್ರಿ, ಗುರ್ತ ಇಟ್ಕೊಳ್ರಿ’ ಅಂತ ತೋರಿಸ್ತಾವಂತ. ಚಾಡಿ ಹೇಳೋ ಕೆಲಸಕ್ಕೂ ಇಷ್ಟು ಮರ್ಯಾದಿ ಐತಿ ಅಂತ ನನಗ ಗೊತ್ತಿರಲಿಲ್ಲ.

ಆದರೆ ಆಕಿ ಸಂಶೋಧನೆಗೆ ಆ ಕೋಶ ಜೀವಂತ ಬೇಕು. ನೇಸರಗಿಯ ಸಾವಂತ್ರೆವ್ವ, ಮಗಳು ಮೀನಾಳ ಆಪರೇಷನ್ ದಿನ, “ತೆಗೆದದ್ದನ್ನ ನಮ್ಮ ಕೈಗೆ ಕೊಡ್ರಿ, ಹಿತ್ತಲದಾಗ ಹುಗೀತೇವಿ” ಅಂದಳು. ಜನ್ನತ ಆಕಿ ಬಾಜೂಕ ಕುಂತು ಒಂದು ತಾಸು ತಿಳಿಹೇಳಿದಳು. “ನಾಳಿನ ಮಕ್ಕಳಿಗೆ ಉಪಯೋಗ ಆಗ್ತದಂದ್ರ ಒಯ್ಯವಾ” ಅಂತ ಆ ತಾಯಿ ಸಹಿ ಹಾಕಿದಳು. “ಕಾಕಾ, ಈ ಬಾಟಲಿಯಾಗ ಹಾಕ್ರಿ, ಬರ್ಫದಾಗ ಇಡ್ರಿ” ಅಂತ ಜನ್ನತ ನನಗ ಎರಡು ಸಲ ಹೇಳಿದಳು.

ಮೂವತ್ತೊಂದು ವರ್ಷದ ರೂಢಿ ನೋಡ್ರಿ! ತಪಾಸಣೆಗೆ ಕಳಿಸೋದನ್ನ ಹಾಕೋ ಹಂಗ ಸೀದಾ ಫಾರ್ಮಲಿನ್‌ದಾಗ, ಅಂದ್ರ ಮಾಂಸ ಕೊಳೀದಂಗ ಇಡೋ ಔಷಧದಾಗ, ಹಾಕಿಬಿಟ್ಟೆ. ಕೋಶ ಎಲ್ಲಾ ಸತ್ತುವು. ಫೋನಿನಾಗ ಆಕಿ ಗೈಡ್ ಆಗಿದ್ದ ಈ ಪ್ರೊಫೆಸರ್ ಸಾಹೇಬರು, “ಇಷ್ಟು ಬರೂದಿಲ್ಲಂದ್ರ ಪಿಎಚ್‌ಡಿ ಬಿಡು” ಅಂದದ್ದು ನನಗೂ ಕೇಳಿಸ್ತು. ಆಕಿ “ಸರ್, ತಪ್ಪು ನಂದು” ಅಂದಳು. ನನ್ನ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಬಾಯಿ ಬಿಡಲಿಲ್ಲ. ನಾಚಿಕಿ ಅನಸ್ತದ.

ಮುಂದಿನ ವಾರ ಮತ್ತ ಬಂದಳು. ಬಾಟಲಿ ಯಾರ ಕೈಗೆ ಕೊಟ್ಟಳು? ನನ್ನ ಕೈಗೆ! “ನೀವಾ ಹಾಕ್ರಿ ಕಾಕಾ” ಅಂದಳು. ಅಲ್ಲಿಂದ ಹದಿನೆಂಟು ಟಾನ್ಸಿಲ್ ಬರ್ಫದಾಗ ಇಟ್ಟು ಕೊಟ್ಟೇನಿ. ಒಂದೂ ಕೆಡಲಿಲ್ಲ. ನನ್ನ ನೌಕರಿಯಾಗ ಅದಕ್ಕಿಂತ ಹೆಮ್ಮೆಯ ಕೆಲಸ ನಾ ಮಾಡಿಲ್ಲ.

ಪ್ರೊಫೆಸರ್ ಸಾಹೇಬರ, ಈಗಷ್ಟ ನಿಮ್ಮ ಭಾಷಣದಾಗ ‘ಮೊದಲ ಒಂದು ಸಲ ನಿಷ್ಕಾಳಜಿ ಮಾಡಿದಳು, ಆಮ್ಯಾಲ ಸುಧಾರಿಸಿದಳು’ ಅಂದ್ರಿ. ಎಲ್ಲಾರೂ ನಕ್ಕರು. ಆಕಿನೂ ನಕ್ಕಳು, ಇವತ್ತೂ ನನ್ನ ಹೆಸರು ಹೇಳಲಿಲ್ಲ. ಸಾಹೇಬರ, ಆ ಕೈ ನಂದು. ಮೈಕಿನಾಗ ಹೇಳಾಕತ್ತೇನಿ, ಹಿಂದಿನ ಸಾಲಿಗೂ ಕೇಳಲಿ.

ಮಾತಾಡಾಕ ಬಿಟ್ಟ ಎಲ್ಲಾರಿಗೂ ಧನ್ಯವಾದ. ಜನ್ನತ, ವಯಸ್ಸಿನಾಗ ನೀ ಸಣ್ಣಾಕಿ. ಆದರೂ ಮೊದಲ ನಮಸ್ಕಾರ ನಿನಗ, ಆಮ್ಯಾಲ ಸಭೆಗೆ ನಮಸ್ಕಾರ.