ಗುಡ್‌ಬೈಗೆ ಬಂದ ಆಮೆನ್

ಒಂದೂರಲ್ಲಿ, ಸಿಟ್ಟು ಬಂದರೆ ಇಂಗ್ಲಿಷ್ ಮಾತನಾಡುವ ಶ್ರೀಮಂತನೊಬ್ಬನಿದ್ದ. ನಗಬೇಡಿ, ಪ್ರಿಯರೇ. ನಮ್ಮ ಚರ್ಚಿನಲ್ಲೂ ಇದ್ದಾರೆ. ಪ್ರೀತಿಗೆ ಕನ್ನಡ, ಸಿಟ್ಟಿಗೆ ಇಂಗ್ಲಿಷ್.

ಅವನ ಒಬ್ಬನೇ ಮಗ ತೀರಿಹೋಗಿದ್ದ. ಸೊಸೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ ಅತ್ತೆ ಮಾವನ ಜೊತೆಗೇ ಇದ್ದಳು. ಒಂದು ದಿನ ಅವಳು ಅಂಜುತ್ತಲೇ ಹೇಳಿದಳು: "ಮಾವಾ, ನಾನು ಇನ್ನೊಂದು ಮದುವಿ ಆಗಬೇಕಂತೀನಿ. ನಿಮ್ಮ ಆಶೀರ್ವಾದ ಇದ್ರ ಮಾತ್ರ."

ಆಶೀರ್ವಾದ. ಅವಳು ಕೇಳಿದ್ದು ಅದೊಂದೇ.

ಶ್ರೀಮಂತ ಕೆಂಡವಾದ. ಬಾಯಿಗೆ ಬಂದಂತೆ ಬೈದ. ಕೊನೆಗೆ ಹೊರಗೆ ಅಟ್ಟಲು "ಹೋಗಿ..." ಎಂದ. ನೋಡಿ, ಕನ್ನಡದ ನಾಲಿಗೆ ಎಂಥದ್ದು! ಮನೆಮಗಳನ್ನು ಕಳಿಸುವಾಗ ಅದಕ್ಕೆ ಗೊತ್ತಿರುವುದು 'ಹೋಗಿ ಬಾ' ಮಾತ್ರ. 'ಬಾ' ತುಟಿಯ ತನಕ ಬಂದೇಬಿಟ್ಟಿತು. ಅವನು ಅದನ್ನು ನುಂಗಿದ. ನುಂಗಿ, ಇಂಗ್ಲಿಷಿಗೆ ಓಡಿದ. ಬಾಗಿಲಿನತ್ತ ಕೈ ತೋರಿಸಿ ಕೂಗಿದ: "ಗುಡ್‌ಬೈ!"

ಅಡುಗೆಮನೆಯಿಂದ ಹೆಂಡತಿ ಬಂದಳು. "ಗುಡ್ ಬೈ ಅಂದ್ರ ಚಲೋತ್ನಾಗ ಬೈ ಅಂತೇನ್ರಿ? ಇಷ್ಟೊತ್ತು ಬೈದದ್ದು ಸಾಲಲಿಲ್ಲೇನು?"

ಸೊಸೆ ಮಾತ್ರ ತಲೆಬಾಗಿ, "ಆಮೆನ್" ಎಂದಳು.

"ಯಾತರ ಆಮೆನ್? ನಾ ಏನು ಪ್ರಾರ್ಥನಿ ಮಾಡಿದ್ನೇನು?"

"ಮಾಡಿದ್ರಿ, ಮಾವಾ. ಗುಡ್‌ಬೈ ಅನ್ನೋದು ಮೊದಲ 'ಗಾಡ್ ಬಿ ವಿತ್ ಯೆ' ಅಂತ ಇತ್ತು. ದೇವರು ನಿಮ್ಮ ಸಂಗಡ ಇರಲಿ ಅಂತ. ಮಂದಿ ಬಾಯಾಗ ಸವದು ಸವದು ಇಷ್ಟ ಉಳದೈತಿ. ನೀವು ಹಂಗಂದ್ರಿ, ನಾ ಹಂಗೇ ಆಗಲಿ ಅಂದೆ. ಬ್ಯಾಡಂದ್ರ ವಾಪಸ್ ತಗೋರಿ."

ನಾನೂ ನಿಘಂಟು ತೆಗೆದು ನೋಡಿದ್ದೇನೆ, ಅವಳು ಹೇಳಿದ್ದು ನಿಜ. ಈಗ ವಾಪಸ್ ತೆಗೆದುಕೊಳ್ಳುವುದು ಹೇಗೆ? 'ದೇವರು ನಿನ್ನ ಸಂಗಡ ಇರದಿರಲಿ' ಎನ್ನಬೇಕು. ಯಾರ ಬಾಯಿಂದ ಬಂದೀತು ಆ ಮಾತು? ಶ್ರೀಮಂತ ಬಾಯಿ ತೆರೆದಾಗ ಹೊರಬಂದದ್ದು, ಆಗ ನುಂಗಿದ್ದ ಅದೇ ಅಕ್ಷರ.

"...ಬಾ. ಹೋಗಿ ಬಾ, ಯವ್ವಾ. ಈ ಮನಿ ನಿಂದೂ ಐತಿ."

ಮದುವೆಯ ದಿನ ಪಾದ್ರಿಗಳು ಆಶೀರ್ವಾದ ಮುಗಿಸುವ ಮೊದಲೇ ಮುಂದಿನ ಬೆಂಚಿನಿಂದ "ಆಮೆನ್!" ಎಂದು ಗುಡುಗಿದವನು ಅವನೇ. "ಮೆಲ್ಲಕ್ರೀ," ಎಂದಳಂತೆ ಹೆಂಡತಿ, "ದೇವರೇನು ಕಿವುಡ ಅಲ್ಲ!"

ಯಾರು ಗೆದ್ದರು, ಹೇಳಿ? ಸಿಟ್ಟು ಆಶೀರ್ವಾದ ತಪ್ಪಿಸಲು ಬೇರೆ ಭಾಷೆಗೇ ಓಡಿತು. ದೇವರು ಅಲ್ಲಿಯೂ ಮೊದಲೇ ಹೋಗಿ ಕೂತಿದ್ದನು! ಸವೆದ ಮಾತಿನೊಳಗೆ, ಬೈಗುಳವಾಗಿ ಬಂದ ಮಾತಿನೊಳಗೆ ಕೂತಿದ್ದನು!

ಹಾಗಾದರೆ ನಾವು? ನಾಳೆ ಬೆಳಿಗ್ಗೆ ಮನೆಯವರು ಹೊರಟಾಗ ಮೊಬೈಲ್ ನೋಡುತ್ತ 'ಬೈ' ಎನ್ನಬೇಡಿ. ತಲೆ ಎತ್ತಿ, ಮುಖ ನೋಡಿ ಹೇಳಿ. ಜಗಳವಾಡಿ ಫೋನ್ ಕುಕ್ಕುವ ಮುಂಚೆ ಪೂರ್ತಿ ಮಾತು ಹೇಳಿ: ದೇವರು ನಿನ್ನ ಸಂಗಡ ಇರಲಿ. ಇವತ್ತು ಆರಾಧನೆ ಮುಗಿದಾಗ, ನೀವು ಮಾತು ಬಿಟ್ಟವರು ಆ ಬಾಗಿಲಲ್ಲೇ ಎದುರಾಗಬಹುದು. ಎದುರಾಗಲಿ ಎಂದೇ ಪ್ರಾರ್ಥಿಸಿ ಬಂದಿದ್ದೇನೆ. ಆಗ 'ಬಾ' ನುಂಗಬೇಡಿ. 'ಹೋಗಿ ಬಾ' ಎನ್ನಿ. ಅವರೇ ಮೊದಲು ಅಂದರೆ, ಆ ಸೊಸೆಯ ಹಾಗೆ ನೀವು ಏನೆನ್ನಬೇಕು?

ಕೇಳಿಸಲಿಲ್ಲ. ಹಿಂದಿನ ಬೆಂಚಿನವರೂ ಸೇರಿ, ಇನ್ನೊಮ್ಮೆ!