ಬೈರಮ್ಮನವರು ಠಾಣೆ ಬಾಗಿಲಲ್ಲಿ ಕೂತ ಮಧ್ಯಾಹ್ನ

ಈ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರೂ ಇಂದಿನ ಸಭೆಯ ಅಧ್ಯಕ್ಷರೂ ಆದ ನಂಜುಂಡಯ್ಯ ಮೇಷ್ಟ್ರೇ, ನಾಗಮಂಗಲದಿಂದ ಬಿಸಿಲಲ್ಲಿ ಬಂದಿರುವ ಶಿಕ್ಷಣ ಇಲಾಖೆಯ ಹಿರಿಯರೇ, ನನ್ನ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಕಿಸಿಕಿಸಿ ನಗುತ್ತಿರುವ ನನ್ನ ಖೋ ಖೋ ತಂಡದವರೇ, ದೇವಲಾಪುರದ ಮತ್ತು ಸುತ್ತಲ ಊರುಗಳ ತಾಯಂದಿರೇ, ತಂದೆಯರೇ, ಸಭಿಕರೇ. ಇವರೆಲ್ಲರ ಜೊತೆಗೆ, ವೇದಿಕೆಯ ಕೊನೇ ಕುರ್ಚಿಯ ತುದಿಯಲ್ಲಿ, ಈಗ ಎದ್ದು ಹೊರಟೇಬಿಡುತ್ತೇನೆ ಅನ್ನುವ ಹಾಗೆ ಕೂತಿರುವ ಪಾಲಹಳ್ಳಿಯ ಬೈರಮ್ಮನವರೇ. ಎಲ್ಲರಿಗೂ ನನ್ನ ವಂದನೆಗಳು.

ಬೈರಮ್ಮನವರ ಬಗ್ಗೆ ಅಭಿನಂದನೆಯ ನಾಲ್ಕು ಮಾತಾಡಿ ಎಂದು ನನಗೆ ಹೇಳಿದ್ದಾರೆ. ಮೈದಾನದಲ್ಲಿ ನನಗೆ ಮೂರು ಮಾತು ಸಾಕು: ಓಡು, ಕೂರು, ಏಳು. ಇವತ್ತು ಸ್ವಲ್ಪ ಹೆಚ್ಚಾಗುತ್ತದೆ, ಸಹಿಸಿಕೊಳ್ಳಿ.

ಹೊಸಬರಿಗೆ ನನ್ನ ಪರಿಚಯ ಹೇಳಬೇಕಲ್ಲ. ನಾನು ಮಂಗಲಾ ಸಿದ್ದಿ, ಈ ಶಾಲೆಯ ದೈಹಿಕ ಶಿಕ್ಷಕಿ. ಊರು ಯಲ್ಲಾಪುರ ತಾಲ್ಲೂಕು. ಎಷ್ಟೋ ತಲೆಮಾರುಗಳ ಹಿಂದೆ ನಮ್ಮ ಹಿರಿಯರನ್ನು ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದರು. ಎಷ್ಟೋ ಜನರನ್ನು ಗುಲಾಮರನ್ನಾಗಿ ಮಾರಿದರು. ತಪ್ಪಿಸಿಕೊಂಡವರು ಕಾಡು ಸೇರಿದರು. ಅವರ ಮಕ್ಕಳ ಮಕ್ಕಳು ನಾವು. ನನ್ನ ಅಜ್ಜಿಗೆ ಆಫ್ರಿಕ ಯಾವ ದಿಕ್ಕಿಗಿದೆ ಎಂದೂ ತಿಳಿದಿರಲಿಲ್ಲ. ಆದರೆ ನಮ್ಮ ಮೈಬಣ್ಣ, ನಮ್ಮ ಗುಂಗುರು ಕೂದಲು ಅದನ್ನು ಮರೆತಿಲ್ಲ. ನಾನು ಮೊದಲ ದಿನ ಇಲ್ಲಿ ಬಸ್ಸಿಳಿದಾಗ ಅಂಗಡಿಯ ಮುಂದಿದ್ದ ಒಬ್ಬ ಯಜಮಾನರು ಪಕ್ಕದವರಿಗೆ ಹೇಳಿದರು: 'ಯಾವ್ದೋ ದೇಶದಿಂದ ಬಂದವ್ಳೆ ಕಣ್ಲಾ, ಇಂಗ್ಲೀಷ್ ಬರೋರ್ನ ಕರೀರಿ.' ನಾನು 'ಯಜಮಾನ್ರೇ, ಹೈಸ್ಕೂಲಿಗೆ ದಾರಿ ಯಾವುದು' ಎಂದೆ. ಅವರ ಬಾಯಲ್ಲಿದ್ದ ಎಲೆಅಡಿಕೆ ಹಾಗೇ ಉಳಿಯಿತು. ಅವರು ಈ ಸಭೆಯಲ್ಲೇ ಇದ್ದಾರೆ, ನಗುತ್ತಿದ್ದಾರೆ. ಅವರ ಮೊಮ್ಮಗಳಿಗೆ ಓಟ ಕಲಿಸಿದವಳು ನಾನೇ. ಬಾಡಿಗೆಗೆ ಮನೆ ಸಿಗದಿದ್ದಾಗ ತಮ್ಮ ಹಿಂದಿನ ಕೋಣೆ ಬಿಟ್ಟುಕೊಟ್ಟವರೂ ಅವರೇ. ಈ ಊರಿನ ಋಣ ದೊಡ್ಡದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಈಗ ಆ ದಿನದ ಮಾತು. ನಾಲ್ಕು ವರ್ಷದ ಹಿಂದೆ ನಮ್ಮ ಹುಡುಗಿಯರ ತಂಡ ಮೈಸೂರಿನಲ್ಲಿ ಆಡಿ ಗೆದ್ದು ಬರುತ್ತಿತ್ತು. ಹೆದ್ದಾರಿ ಬದಿಯ ಒಂದು ಊರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಊರಿನ ಹೆಸರು ಬೇಡ, ವಕೀಲರು ಬೇಡ ಅಂದಿದ್ದಾರೆ. ಮಧ್ಯಾಹ್ನದ ಹೊತ್ತು. ಮಕ್ಕಳು ಚುರುಮುರಿ ತಿನ್ನುತ್ತಾ ಗೆದ್ದ ಕಪ್ಪನ್ನು ಸರದಿಯ ಮೇಲೆ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಆಗ ಎಲ್ಲರ ಮೊಬೈಲಿನಲ್ಲೂ ಒಂದು ಸುದ್ದಿ ಓಡಾಡುತ್ತಿದ್ದ ಕಾಲ, ನಿಮಗೂ ನೆನಪಿರಬಹುದು: ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು. ಯಾರೋ ಒಬ್ಬರು ನನ್ನನ್ನು ನೋಡಿದರು, ಮಕ್ಕಳನ್ನು ನೋಡಿದರು, ಪೊಲೀಸರಿಗೆ ಫೋನು ಮಾಡಿದರು.

ಜೀಪು ಬಂತು. ಇಳಿದ ಸಬ್ ಇನ್ಸ್‌ಪೆಕ್ಟರು ಪಾಸ್‌ಪೋರ್ಟು ಕೇಳಿದರು. ನಾನು ಆಧಾರ್ ಕಾರ್ಡು ಕೊಟ್ಟೆ. ಅದನ್ನು ತಿರುಗಿಸಿ ನೋಡಿ ನಕಲಿ ಎಂದರು. 'ಸಾರ್, ನಾನು ಸರ್ಕಾರಿ ಶಾಲೆ ಶಿಕ್ಷಕಿ, ಇವರು ನನ್ನ ವಿದ್ಯಾರ್ಥಿನಿಯರು' ಎಂದೆ. ಪಕ್ಕದಲ್ಲಿದ್ದ ಪೇದೆಗೆ ಅವರು ಹೇಳಿದ ಮಾತು ಇದು: 'ಕನ್ನಡ ಎಷ್ಟ್ ಚೆನ್ನಾಗ್ ಕಲ್ತವ್ಳೆ ನೋಡ್ಲಾ!' ಆಮೇಲೆ ನನ್ನ ಕೂದಲು ಹಿಡಿದು ಎಳೆದರು, ಟೋಪನ್ನೋ ಏನೋ ಎಂದು ನೋಡಲು. ಕೂದಲು ಕೈಗೆ ಬರಲಿಲ್ಲ. ಕಿವಿಯ ಮೇಲೆ ಏಟು ಬಿತ್ತು.

ಆ ಏಟಿನಿಂದ ನನ್ನ ಎಡಗಿವಿ ಸರಿಯಾಗಿ ಕೇಳುವುದಿಲ್ಲ. ನಮ್ಮ ಮಕ್ಕಳಿಗೆ ಅದು ಲಾಭವೇ. ಎಡಗಡೆ ನಿಂತು ನನ್ನ ಬಗ್ಗೆ ಏನು ಬೇಕಾದರೂ ಮಾತಾಡಿಕೊಳ್ಳಬಹುದು. ನಗಬಹುದು, ನಗಿ.

ನನ್ನನ್ನು ಜೀಪಿಗೆ ಹತ್ತಿಸಿದರು. ತಂಡದ ನಾಯಕಿ ಪ್ರಮೀಳಾ ಅಳುತ್ತಿದ್ದ ಮಕ್ಕಳನ್ನೆಲ್ಲ ಗೋಡೆಗೆ ಆನಿಸಿ ಸಾಲಾಗಿ ಕೂರಿಸಿ, ಟೀ ಅಂಗಡಿಯವರ ಫೋನಿನಿಂದ ಮುಖ್ಯೋಪಾಧ್ಯಾಯರಿಗೆ ವಿಷಯ ಮುಟ್ಟಿಸಿದಳು. ಈಗ ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಓದುತ್ತಿದ್ದಾಳೆ, ಇವತ್ತು ಪರೀಕ್ಷೆ ಇರುವುದರಿಂದ ಬಂದಿಲ್ಲ. ಅವಳಿಗೂ ನನ್ನ ನಮನ.

ಠಾಣೆಯೊಳಗೆ ನಡೆದದ್ದನ್ನೆಲ್ಲ ಮಕ್ಕಳ ಮುಂದೆ ಹೇಳುವುದಿಲ್ಲ. ಯಾರ ಕಡೆಯವಳು, ಮಕ್ಕಳನ್ನು ಎಲ್ಲಿ ಮಾರುತ್ತೀಯ ಎಂದು ಕೇಳುತ್ತಿದ್ದರು. ಉತ್ತರ ಹೇಳಿದರೂ ಲಾಠಿ, ಹೇಳದಿದ್ದರೂ ಲಾಠಿ. ನನ್ನ ಬಣ್ಣಕ್ಕೆ ಅವರಿಟ್ಟ ಹೆಸರುಗಳನ್ನು ನ್ಯಾಯಾಲಯದಲ್ಲಿ ಒಂದು ಸಲ ಹೇಳಿದ್ದೇನೆ, ಇನ್ನೊಂದು ಸಲ ಹೇಳಲಾರೆ. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತೇ? ಕೈ ಮುಂದೆ ಚಾಚಿ, ತಲೆ ತಗ್ಗಿಸಿ, ನೆಲ ನೋಡುತ್ತಿದ್ದೆ. ಅದು ನನ್ನ ಅವ್ವ ಕಲಿಸಿದ್ದು. 'ಖಾಕಿ ಕಂಡರೆ ಕೈ ಕಾಣುವ ಹಾಗೆ ಇಟ್ಟುಕೋ, ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಾಡಬೇಡ' ಎನ್ನುತ್ತಿದ್ದಳು. ಬೇರೆ ತಾಯಂದಿರು ಮಕ್ಕಳಿಗೆ ರಸ್ತೆ ದಾಟುವುದು ಕಲಿಸುತ್ತಾರೆ, ನಮ್ಮವ್ವ ಇದನ್ನೂ ಕಲಿಸಿದಳು. ನಾನು ಚಿಕ್ಕವಳಿದ್ದಾಗ ಒಮ್ಮೆ ಸೌದೆ ತರಲು ಹೋದ ಅವ್ವನನ್ನು ಖಾಕಿಯವರು ಹಿಡಿದು ಕೂರಿಸಿದ್ದರು. ಮಾರನೆಯ ದಿನ ಬಂದಳು. ಬಂದವಳೇ ಹಂಡೆಯ ನೀರೆಲ್ಲ ಮುಗಿಯುವವರೆಗೆ ತಲೆಗೆ ಹುಯ್ದುಕೊಂಡಳು. ಏನಾಯಿತೆಂದು ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ. ಹೇಳದೆಯೇ ತೀರಿಕೊಂಡಳು.

ಕ್ಷಮಿಸಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಬೈರಮ್ಮನವರ ಮಾತಿಗೆ ಬರುತ್ತೇನೆ.

ಬೈರಮ್ಮನವರು ಅವತ್ತು ಅದೇ ಬಸ್ ನಿಲ್ದಾಣದಲ್ಲಿದ್ದರು. ಪಾಂಡವಪುರದ ಹತ್ತಿರ ಇರುವ ಬಾಣಂತಿ ಮಗಳಿಗೆಂದು ಒಂದು ನಾಟಿ ಕೋಳಿಯನ್ನು ಚೀಲದಲ್ಲಿ ಹಾಕಿಕೊಂಡು ಹೊರಟಿದ್ದರು. ಅವರ ಬಸ್ಸು ಎದುರಿಗೇ ನಿಂತಿತ್ತು. ಅವರು ಬಸ್ಸು ಹತ್ತಲಿಲ್ಲ. ಜೀಪು ಹೋದ ದಾರಿಯಲ್ಲಿ ನಡೆದು ಠಾಣೆಗೆ ಬಂದರು. ನನಗೆ ಕೇಳಿಸಿದ್ದು ಮೊದಲು ಕೋಳಿಯ ಸದ್ದು, ಆಮೇಲೆ ಅವರ ದನಿ: 'ಯಾಕಪ್ಪ ಆ ಎಣ್ಮಗೀನ ಅಂಗ್ ಒಡೀತಿದ್ದೀರಿ?'

ಆಚೆ ಹೋಗು ಎಂದರು ಪೇದೆ. ಇವರು ಬಾಗಿಲಲ್ಲೇ ಕೂತರು, ಕೋಳಿ ಚೀಲವನ್ನು ಪಕ್ಕಕ್ಕಿಟ್ಟುಕೊಂಡು. 'ನಿನಗೇನಮ್ಮ ಸಂಬಂಧ, ನಿನ್ ಬಸ್ ಹೋಗುತ್ತೆ' ಎಂದರು ಸಬ್ ಇನ್ಸ್‌ಪೆಕ್ಟರು. 'ಓದ್ರೆ ಓಗ್ಲಿ ಬುಡಿ ಸ್ವಾಮಿ, ಇನ್ನೊಂದ್ ಬತ್ತದೆ. ನೀವ್ ಒಡೆಯೋದ್ ನಿಲ್ಸಿ, ನಾ ಎದ್ದೋಯ್ತೀನಿ.' ನಿನ್ನನ್ನೂ ಒಳಗೆ ಹಾಕುತ್ತೇವೆ ಎಂದು ಹೆದರಿಸಿದರು. 'ಆಕಿ ಸ್ವಾಮಿ. ಆದ್ರೆ ಕೋಳಿಗ್ ಒಸಿ ನೀರ್ ಕೊಡಿ' ಎಂದರು. ಯಾರಿಗಾದರೂ ಆ ಸ್ಥಿತಿಯಲ್ಲಿ ನಗು ಬರುತ್ತದೆಯೇ? ನನಗೆ ಬಂತು. ತುಟಿ ಒಡೆದಿತ್ತು, ನಕ್ಕರೆ ಉರಿಯುತ್ತಿತ್ತು, ಆದರೂ ಬಂತು.

ಅವರು ಕೂತ ಮೇಲೆ ಹೊಡೆತ ನಿಂತಿತು. ಯಾರೋ ನೋಡುತ್ತಿದ್ದಾರಲ್ಲ. ನೋಡುವ ಕಣ್ಣಿಗೆ ಇರುವ ಬಲ ಅವತ್ತು ನನಗೆ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ರಂಜಿತ ಎಂಬ ಮಹಿಳಾ ಪೇದೆ ಕೆಲಸಕ್ಕೆ ಬಂದರು. ನನ್ನನ್ನು ಕಂಡು ನೀರು ತಂದುಕೊಟ್ಟು, ನನ್ನ ಪಕ್ಕದಲ್ಲಿ ನಿಂತರು. ಕೇಸು ನಡೆದಾಗ ಕಂಡದ್ದನ್ನು ಕಂಡ ಹಾಗೇ ಹೇಳಿದರು. ಅದಕ್ಕೆ ದೂರದ ಊರಿಗೆ ವರ್ಗವಾದರು. ಖಾಕಿ ತೊಟ್ಟವರೆಲ್ಲ ಒಂದೇ ಎಂದು ನಾನು ಹೇಳದೆ ಇರುವುದು ಆ ತಂಗಿಯಿಂದ.

ಸಂಜೆಯಾಗುವ ಮೊದಲು ನಂಜುಂಡಯ್ಯ ಮೇಷ್ಟ್ರು ಓಡೋಡಿ ಬಂದರು. ಶಾಲೆಯ ದಾಖಲೆ, ನನ್ನ ನೇಮಕದ ಪತ್ರ ಎಲ್ಲ ತಂದಿದ್ದರು. 'ಸಾರ್, ಇವರು ನಮ್ಮವರು. ಆಫ್ರಿಕದವರಲ್ಲ, ಕನ್ನಡದವರು' ಎಂದರು. ಸಬ್ ಇನ್ಸ್‌ಪೆಕ್ಟರ ಮುಖವೇ ಬದಲಾಯಿತು. ಕುರ್ಚಿ ತರಿಸಿದರು, ಕಾಫಿ ತರಿಸಿದರು. 'ತಪ್ಪು ತಿಳ್ಕೋಬೇಡಿ ಮೇಡಂ. ಆಫ್ರಿಕದೋಳು ಅಂದ್ಕೊಂಡ್ವಿ, ಅದಕ್ಕೇ' ಎಂದರು. ಮೇಷ್ಟ್ರು ಸಮಾಧಾನದ ಉಸಿರು ಬಿಟ್ಟರು. ನನಗೂ ಸಮಾಧಾನವೇ ಆಯಿತು, ಸುಳ್ಳು ಹೇಳಬಾರದು. ಆಗ ಬಾಗಿಲಿನಿಂದ ಬೈರಮ್ಮನವರು ಕೇಳಿದರು:

'ಆಫ್ರಿಕದೋಳೇ ಆಗಿದ್ರೆ ಒಡೀಬೋದಾ ಸ್ವಾಮಿ?'

ಬೈರಮ್ಮನವರು ಸೀರೆ ಕೊಡವಿಕೊಂಡು ಎದ್ದರು, ಕೋಳಿ ಎತ್ತಿಕೊಂಡರು, ಮೇಷ್ಟ್ರು ಕೇಳಿದ್ದಕ್ಕೆ ಹೆಸರು, ಊರು ಹೇಳಿ ಕೊನೇ ಬಸ್ಸಿಗೆ ಹೋದರು.

ಸಭಿಕರೇ, ಆ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಮೈಸೂರಿನಲ್ಲಿ ಆಫ್ರಿಕದಿಂದ ಓದಲು ಬಂದ ಹುಡುಗಿಯರಿದ್ದಾರೆ. ಅವರಲ್ಲಿ ಒಬ್ಬಳು ಅವತ್ತು ನನ್ನ ಜಾಗದಲ್ಲಿ ಇದ್ದಿದ್ದರೆ? ಅವಳಿಗೆ 'ಇವಳು ನಮ್ಮವಳು' ಎಂದು ಓಡಿಬರಲು ಮೇಷ್ಟ್ರು ಇರುತ್ತಿದ್ದರೇ? 'ನಾನು ಅವರಲ್ಲ, ನಿಮ್ಮವಳು' ಎಂದು ಹೇಳಿ ಹೇಳಿಯೇ ನಾನು ಇಷ್ಟು ವರ್ಷ ಬದುಕಿದ್ದೆ. ಹಾಗೆ ಹೇಳಿದಾಗಲೆಲ್ಲ ನನ್ನಂತೆಯೇ ಇರುವ ಯಾರೋ ಒಬ್ಬ ಹೆಂಗಸನ್ನು ಏಟಿಗೆ ಬಿಟ್ಟುಕೊಟ್ಟ ಹಾಗಾಗುತ್ತಿತ್ತಲ್ಲ. ನಮ್ಮ ಮಕ್ಕಳೇ, ಬೆಳ್ಳಗಾಗಲು ಕ್ರೀಮು ಹಚ್ಚಿಕೊಂಡು ಮೈದಾನಕ್ಕೆ ಬರುತ್ತೀರಲ್ಲ, ನಿಮಗೂ ಸೇರಿಸಿ ಹೇಳುತ್ತಿದ್ದೇನೆ.

ದೂರು ಕೊಟ್ಟದ್ದು ಸುಲಭವಾಗಿರಲಿಲ್ಲ. ರಾಜಿಗೆ ಬಂದವರೆಷ್ಟು! ಹಣ್ಣಿನ ಬುಟ್ಟಿ ಹಿಡಿದು ಬಂದರು, ಕೈಮುಗಿದು ಬಂದರು, ಹೆದರಿಸಲೂ ಬಂದರು. ನಮ್ಮ ಮೇಷ್ಟ್ರೂ ಒಂದು ದಿನ ಬಂದು 'ತಾಯಿ, ಒಂಟಿ ಹೆಣ್ಣು, ಪೊಲೀಸರ ಎದುರು ಹಾಕ್ಕೊಂಡು ಹೇಗಮ್ಮ ಬದುಕ್ತೀರಿ?' ಎಂದರು. ಕಾಳಜಿಯಿಂದಲೇ ಹೇಳಿದರು. ನಾನೂ ಸೋತಿದ್ದೆ. ಒಂದು ಭಾನುವಾರ ಪಾಲಹಳ್ಳಿಗೆ ಹೋದೆ, ಬೈರಮ್ಮನವರಿಗೆ ಕೃತಜ್ಞತೆ ಹೇಳಿ, ಕೇಸು ಬಿಟ್ಟೆ ಎಂದು ತಿಳಿಸಿ ಬರಲು.

ಅವರು ಮೊದಲು ಮುದ್ದೆ, ಉಪ್ಸಾರು ಬಡಿಸಿದರು. ಉಂಡು ಕೈ ತೊಳೆದ ಮೇಲೆ ವಿಷಯ ಹೇಳಿದೆ. 'ನಿಂಗ್ ಬ್ಯಾಡ ಅನ್ಸುದ್ರೆ ಬುಟ್ಬುಡವ್ವ. ಏಟ್ ತಿಂದೋಳು ನೀನು, ನಿನ್ನಿಷ್ಟ' ಎಂದರು. ತಟ್ಟೆ ಎತ್ತಿಡುತ್ತಾ ಮತ್ತೆ ಹೇಳಿದರು: 'ಆದ್ರೆ ನಾ ಕಂಡಿದ್ದು ಕಂಡಿದ್ದೇಯ. ಯಾರಾರ ಬಂದು ಕೇಳುದ್ರೆ, ಕಾಣ್ನಿಲ್ಲ ಅಂತ ಏಳಾಕೆ ನಂಗ್ ಬರಾಕಿಲ್ಲ.'

ನನ್ನವ್ವನನ್ನು ಹಿಡಿದು ಕೂರಿಸಿದ ದಿನ ಕಂಡವರು ಯಾರೂ ಇರಲಿಲ್ಲ. ನನಗೆ ಒಬ್ಬರಿದ್ದರು. ಇದ್ದೂ ನಾನು ಸುಮ್ಮನಾಗುವುದೇ? ಪಾಲಹಳ್ಳಿಯಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಮರುದಿನ ವಕೀಲರಿಗೆ ಫೋನು ಮಾಡಿ ಕೇಸು ಮುಂದುವರಿಸುತ್ತೇನೆ ಎಂದೆ.

ಆಮೇಲೆ ಕೋರ್ಟಿಗೆ ಅಲೆದದ್ದು ನಿಮಗೆ ಗೊತ್ತು. ಬೈರಮ್ಮನವರ ಯಜಮಾನರು ಪುಟ್ಟಸ್ವಾಮಣ್ಣ ಪ್ರತಿ ಸಲ ತಮ್ಮ ಟಿವಿಎಸ್ಸಿನಲ್ಲಿ ಹೆಂಡತಿಯನ್ನು ಕರೆತಂದು, ತಾವು ಮರದ ಕೆಳಗೆ ಟವೆಲ್ಲು ಹಾಸಿ ನಿದ್ದೆ ಮಾಡುತ್ತಿದ್ದರು. ಆ ಗೊರಕೆ ಕೇಳಿದರೆ ನನಗೆ ಧೈರ್ಯ ಬರುತ್ತಿತ್ತು. ಅವರ ಊರಿನಲ್ಲೂ ಮಾತು ಬಂದಿತ್ತಂತೆ, ಆ ಹೆಂಗಸು ನಮ್ಮ ಊರಿನವಳಲ್ಲ, ನಮ್ಮ ಜನವಲ್ಲ, ನಿಮಗ್ಯಾಕೆ ಎಂದು. ಅವರಿಬ್ಬರೂ ಅದನ್ನು ನನಗೆ ಹೇಳಲೇ ಇಲ್ಲ, ಬೇರೆಯವರಿಂದ ತಿಳಿಯಿತು.

ಬೈರಮ್ಮನವರು ಸಾಕ್ಷಿ ಹೇಳಿದ ದಿನ ಎದುರು ಪಕ್ಷದ ವಕೀಲರು ಗದರಿಸಿದರು. 'ಈಕೆ ನಿಮಗೆ ಮೊದಲೇ ಪರಿಚಯವೇ?'

'ಇಲ್ಲ ಸ್ವಾಮಿ.'

'ಹೆಸರು ಗೊತ್ತಿತ್ತೇ?'

'ಇಲ್ಲ.'

'ಯಾವ ಜಾತಿ, ಯಾವ ಊರು, ಯಾವ ದೇಶ, ಏನೂ ಗೊತ್ತಿರಲಿಲ್ಲ. ಮತ್ತೆ ಬಾಣಂತಿ ಮಗಳನ್ನು ಬಿಟ್ಟು ಠಾಣೆಗೆ ಯಾಕಮ್ಮ ಹೋದಿರಿ?'

'ಒಡೀತಿದ್ರಲ್ಲ ಸ್ವಾಮಿ.'

ಅಷ್ಟೇ. ವಕೀಲರು ಕಾಗದ ಮಡಚಿ ಕೂತುಬಿಟ್ಟರು.

ಈ ವರ್ಷ ತೀರ್ಪು ಬಂತು. ಆ ಸಬ್ ಇನ್ಸ್‌ಪೆಕ್ಟರು ತಪ್ಪಿತಸ್ಥ ಎಂದಾಯಿತು, ಶಿಕ್ಷೆಯಾಯಿತು. ನ್ಯಾಯಾಧೀಶರು ಓದುವಾಗ ನನ್ನ ಬಲಗಿವಿಯನ್ನು ಅವರ ಕಡೆ ತಿರುಗಿಸಿಕೊಂಡು ನಿಂತಿದ್ದೆ, ಒಂದು ಮಾತೂ ತಪ್ಪಬಾರದೆಂದು. ನನ್ನ ಪೂರ್ತಿ ಹೆಸರನ್ನು ಅವರು ಓದಿದರು, ಮಂಗಲಾ ಸಿದ್ದಿ ಎಂದು. ಅವ್ವ ಇರಬೇಕಿತ್ತು ಅನ್ನಿಸಿತು. ನಾನು ಪೂರ್ತಿ ಸರಿಹೋಗಿದ್ದೇನೆಯೇ ಎಂದು ಕೇಳುವವರಿಗೆ ಹೌದು ಎನ್ನುತ್ತೇನೆ. ಜೀಪಿನ ಸದ್ದಾದರೆ ಕೈ ತಾನಾಗಿ ಮುಂದೆ ಬರುತ್ತದೆ, ಅದೊಂದು ಬಿಟ್ಟು.

ನಂಜುಂಡಯ್ಯ ಮೇಷ್ಟ್ರೇ, ರಾಜಿ ಎಂದವರೂ ನೀವೇ, ಆಮೇಲೆ ಪ್ರತಿ ವಾಯಿದೆಗೂ ರಜೆ ಮಂಜೂರು ಮಾಡಿ ನನ್ನ ತರಗತಿಗಳನ್ನು ತೆಗೆದುಕೊಂಡವರೂ ನೀವೇ. ನೀವು ಪಂಚೆ ಎತ್ತಿ ಕಟ್ಟಿ ಮಕ್ಕಳಿಗೆ ಖೋ ಖೋ ಆಡಿಸಿದ್ದನ್ನು ಈ ಊರು ಮರೆಯುವುದಿಲ್ಲ. ನಿಮಗೆ ಶರಣು. ಕೋಣೆ ಕೊಟ್ಟವರಿಗೆ, ಕೋರ್ಟಿಗೆ ಜೊತೆಗೆ ಬಂದ ತಾಯಂದಿರಿಗೆ, ನಿಜ ಹೇಳಿ ದೂರದ ಊರಿಗೆ ಹೋದ ರಂಜಿತಳಿಗೆ, ಮರದ ಕೆಳಗಿನ ಪುಟ್ಟಸ್ವಾಮಣ್ಣನಿಗೆ, ಎಲ್ಲರಿಗೂ ಶರಣು.

ಬೈರಮ್ಮನವರು ಈ ಸನ್ಮಾನಕ್ಕೆ ಒಪ್ಪಿರಲೇ ಇಲ್ಲ. ಕರೆಯಲು ಹೋದಾಗ ನನ್ನನ್ನೇ ಬೈದರು. 'ಒಡೀಬ್ಯಾಡಿ ಅಂದಿದ್ಕೂ ಆರ ಆಕ್ತಾರೇನವ್ವ? ಬಸ್ಟಾಂಡ್ ತುಂಬ ಜನ ಇದ್ರಲ್ಲ, ಅವರ್ಯಾಕ್ ಸುಮ್ಕಿದ್ರು ಅಂತ ಮೊದ್ಲು ಕೇಳು' ಎಂದರು. ನಾನು ಕೇಳುತ್ತಿದ್ದೇನೆ, ಸಭಿಕರೇ. ಉತ್ತರ ಈಗಲೇ ಬೇಡ, ಮನೆಗೆ ಹೋಗಿ ಯೋಚಿಸಿ.

ಮೊನ್ನೆ ವಕೀಲರು ಫೋನು ಮಾಡಿದ್ದರು. ಶಿಕ್ಷೆಯಾದ ಆತ ಮೇಲಿನ ಕೋರ್ಟಿಗೆ ಹೋಗಿದ್ದಾನೆ. ಜಾಮೀನೂ ಸಿಕ್ಕಿದೆ. ಮತ್ತೆ ವರ್ಷಗಟ್ಟಲೆ ಆಗಬಹುದು ಎಂದರು. ಈ ಸುದ್ದಿಯನ್ನು ಬೈರಮ್ಮನವರಿಗೆ ಹೇಗೆ ಹೇಳುವುದು, ಆ ಜೀವಕ್ಕೆ ಇನ್ನೆಷ್ಟು ತೊಂದರೆ ಕೊಡುವುದು ಎಂದು ಎರಡು ದಿನ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಅವರು ಇಲ್ಲಿ ಬಸ್ಸಿಳಿದಾಗ ಹೇಳಿದೆ. ಅವರು ನನ್ನ ಮುಖ ನೋಡಿದರು, ಸೆರಗಿನಿಂದ ನನ್ನ ಕಣ್ಣು ಒರೆಸಿದರು, ಕೇಳಿದ್ದು ಒಂದೇ ಮಾತು:

'ನಾ ಯಾವತ್ತು ಬರ್ಬೇಕು ಏಳವ್ವ.'

ಅವರ ಪಾದಕ್ಕೂ, ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲರಿಗೂ, ನನ್ನ ನಮಸ್ಕಾರ.