ದೇವಿಕಾಳ ಎಡಗೈ

...ಬಡದೆ, ಹೌದು. ಸೂಜಿ ಚುಚ್ಚೋ ಆ ಪ್ರಭುರಾಜಂದು ಎರಡು ಹಲ್ಲು ಬಿದ್ದಾವ. ನಾಕು ಮಂದಿ ಹಿಡಕೊಂಡ್ರು, ಇಲ್ಲಂದ್ರ ಕುತಿಗಿ ಮುರಿತಿದ್ದೆ. ಹಂಗ್ಯಾಕ ನೋಡ್ತಿ ದೇವಿಕಾ? ಹೆಂಡ್ತಿ ಕೈ ಕೊಳಿಯಾಕತ್ತದ, ಗಂಡಾದಾಂವ ಸುಮ್ನ ಕುಂದ್ರಬೇಕೇನು?

ವಾರಕ್ಕ ಮೂರು ಸಲ ಪೋತ್ನಾಳದಾಗ ಬಸ್ ಹತ್ತಿ ರಾಯಚೂರಿನ ಈ ದವಾಖಾನಿಗೆ ಬರ್ತಿದ್ದಿ, ಡಯಾಲಿಸಿಸ್‌ಗೆ. ಸೂಜಿ ಚುಚ್ಚಾಕಂತನ ಈ ಎಡಗೈಯಾಗ ನರ ಕೂಡಿಸ್ಯಾರ. ಜ್ವಾಕಿ, ಬಳಿ ಸೈತ ಹಾಕಬ್ಯಾಡ ಅಂದಿದ್ರು. ಆ ಮಗ ಹೊಲಸು ಸೂಜಿ ಚುಚ್ಚಿದ, ಕೀವಾತು. ಅಷ್ಟ. ಯಾಕ ನಗ್ತಿ?... ನಗಲಿಲ್ಲೇನು. ನಕ್ಕಂಗ ಕಂಡಿತು.

ಡಾಕ್ಟರಮ್ಮ ಏನೇನೋ ಅಂದ್ಲು. ಕಿಡ್ನಿ ಹೋದೋರ ಮೈಯಾಗ ರೋಗ ತಡಿಯೋ ಶಕ್ತಿ ಇರಂಗಿಲ್ಲಂತ. ಸಣ್ಣ ಗಾಯನೂ ಮೈಯೆಲ್ಲಾ ವಿಷ ಏರಸ್ತದಂತ. ಸಂಜಿತನಕ ಜ್ವರ ಇಳೀಲಿಲ್ಲಂದ್ರ... ಬಿಡು. ಮತ್ತ ಹಾರ್ಮೋನು ಅಂದ್ಲು. ಕಿಡ್ನಿ ಹೋದ್ರ ಅದೂ ಏರುಪೇರಾಗಿ ಮುಟ್ಟು ನಿಲ್ತದಂತ, ಬಸುರಾಗದಿದ್ರೂ ಎದಿಯಾಗ ಹಾಲು ಬರ್ತದಂತ. ಇವತ್ತು ಹೇಳ್ತಾಳ. ಮೊದಲ ಯಾರರ ಹೇಳಬೇಕಿಲ್ಲ? ಏನು, ನೀ ಹೇಳಿದ್ದಿ?... ಹೇಳಿದ್ದಿ, ಖರೆ. ನಾ ಕೇಳಲಿಲ್ಲ.

ಕುರಿ ಕಾಯೋನು ನಾನು. ಕೆಚ್ಚಲಕ್ಕ ಹಾಲು ಇಳೀತಂದ್ರ ಹೊಟ್ಟ್ಯಾಗ ಮರಿ ಅದ ಅಂತ ತಿಳಿಯೋನು. ಆರು ತಿಂಗಳು ಹೊಳಿ ಆಚಿ ಗದ್ದ್ಯಾಗ ಗೊಬ್ಬರಕ್ಕಂತ ಕುರಿ ತರುಬಿ, ಮನಿಗೆ ಬಂದು ನೋಡಿದ್ರ ನಿನ್ನ ಕುಬಸ ಹಾಲಿಲೆ ತೊಯ್ದದ. ಏನಂತ ತಿಳೀಲಿ? ರಕ್ತ ತಲಿಗೇರಿತು. ಯಾರದು ಅಂತ ಕೇಳಿದೆ. ಕೇಳಿದೆ, ಅಷ್ಟ. ನೀ ಅತ್ತಿ, ನಾ ಹೊರಗ ಹೋದೆ.

ಪ್ರಭುರಾಜ ದೂರು ಕೊಟ್ಟಾನ, ಪೊಲೀಸರು ಬರಾಕತ್ತಾರ. ಕೈಗೆ ಏನಾತು ಅಂತ ನಿನ್ನ ಕೇಳ್ತಾರ. ಸೂಜೀಲೆ ಆತು ಅನ್ನು. ಒಂದ ಮಾತು. ಅನ್ನು, ನನ್ನ ಮುಂದ ಅನ್ನು ನೋಡೋಣ.

ಅನ್ನಂಗಿಲ್ಲೇನು?

ಲೇ, ಕೇಳಸ್ತದಿಲ್ಲ ನಿನಗ? ಜೈಲಿಗೆ ಕಳಸ್ತಿಯೇನು ನನ್ನ? ಈ ಕಡಿ ತಿರುಗು... ಮೈ ಸುಡಾಕತ್ತದ ನಿಂದು. ತುಟಿ ಒಡದಾವ. ಇರು, ಮಾತು ಆಮ್ಯಾಲ, ದುಪ್ಪಟಿ ಹೊಚ್ಚತೀನಿ...

ಯಾಕ ಬೆದರಿದಿ? ಆ ಕೈ ಯಾಕ ಬೆನ್ನ ಹಿಂದ ಎಳಕೊಂಡಿ? ದುಪ್ಪಟಿ ಹೊಚ್ಚಾಕ ಕೈ ಎತ್ತಿದೆ, ದೇವಿಕಾ. ನೋಡು, ಬರಿಗೈ. ಕೋಲು ಮನ್ಯಾಗ ಅದ.